ಅಜ್ಜಿ ಎಂಬ ಪದವಿ

‘ಅಜ್ಜಿ’ ಎಂಬುದು ತಾಯಿಯ ತಾಯಿಗೂ ತಂದೆಯ ತಾಯಿಗೂ ಕನ್ನಡದಲ್ಲಿ ಸಲ್ಲುವ ಸಂಬಂಧವಾಚಕ. ನಾಲಿಗೆ ತಿರುಗುವ ಮೊದಲ ದಿನಗಳಲ್ಲೇ ಮಗು ಕಲಿಯುವ ಈ ಮಾತು ಅಚ್ಚಗನ್ನಡವೆಂದೇ ತೋರುವಷ್ಟು ಬಳಕೆಯಲ್ಲಿ ನುಣುಪಾಗಿದೆ. ಆದರೆ ಇದರ ಬೇರು ಸಂಸ್ಕೃತದ ‘ಆರ್ಯ’ ಶಬ್ದದಲ್ಲಿದೆ. ಪ್ರಾಕೃತದಲ್ಲಿ ‘ರ್ಯ’ ಎಂಬುದು ‘ಜ್ಜ’ ಆಗುತ್ತದೆ, ಅದರ ಹಿಂದಿನ ದೀರ್ಘಸ್ವರ ಹ್ರಸ್ವವಾಗುತ್ತದೆ. ‘ಕಾರ್ಯ’ವು ‘ಕಜ್ಜ’ವಾದ ಹಾದಿಯಲ್ಲೇ ‘ಆರ್ಯ’ ‘ಅಜ್ಜ’ ಆಯಿತು. ಅದರ ಹೆಣ್ಣುರೂಪ ‘ಅಜ್ಜಿ’. ಆರ್ಯ ಎಂದರೆ ಪೂಜ್ಯ, ಮಾನ್ಯ. ‘ಮುದುಕಿ’ ಎಂಬ ಮಾತು ವಯಸ್ಸನ್ನು ಹೇಳುತ್ತದೆ. ‘ಅಜ್ಜಿ’ ಹುಟ್ಟಿನಿಂದಲೇ ಮನ್ನಣೆಯನ್ನು ಹೇಳುತ್ತದೆ.

ಈ ಮೂಲಾರ್ಥ ಪೂರ್ತಿ ಅಳಿದಿಲ್ಲ. ಜೈನ ಸಂಪ್ರದಾಯದಲ್ಲಿ ದೀಕ್ಷೆ ಪಡೆದ ಸ್ತ್ರೀಯನ್ನು ಇಂದಿಗೂ ‘ಆರ್ಯಿಕೆ’ ಎನ್ನುತ್ತಾರೆ. ಪ್ರಾಕೃತದಲ್ಲಿ ಆಕೆ ‘ಅಜ್ಜಿಯಾ’. ಉತ್ತರ ಕರ್ನಾಟಕದ ಭಕ್ತರು ಮಠದ ಸ್ವಾಮಿಗಳನ್ನು, ಅವರು ಮೂವತ್ತರ ಪ್ರಾಯದವರಾಗಿದ್ದರೂ, ‘ಅಜ್ಜಾರು’ ಎಂದೇ ಕರೆಯುತ್ತಾರೆ. ಮರಾಠಿಯ ‘ಆಜಿ’, ಭೋಜಪುರಿಯ ‘ಆಜಿ’ ಇದೇ ಬೇರಿನ ಕವಲುಗಳು. 1845ರಿಂದ ಟ್ರಿನಿಡಾಡಿಗೆ, 1879ರಿಂದ ಫಿಜಿಗೆ ಕೂಲಿಗಳಾಗಿ ಹಡಗು ಹತ್ತಿದ ಕುಟುಂಬಗಳು ಈ ಪದವನ್ನೂ ಒಯ್ದವು. ಅಲ್ಲಿ ತಂದೆಯ ತಾಯಿ ಈಗಲೂ ಆಜಿಯೇ.

ಕನ್ನಡ ನಾಡಿನಲ್ಲೇ ಅಜ್ಜಿಗೆ ಹಲವು ಹೆಸರುಗಳಿವೆ. ಉತ್ತರ ಕರ್ನಾಟಕದ ಅನೇಕ ಮನೆಗಳಲ್ಲಿ ಹೆತ್ತವಳು ‘ಅವ್ವ’, ಅವಳ ತಾಯಿ ‘ಆಯಿ’ ಅಥವಾ ‘ಅಮ್ಮ’. ಗಡಿ ದಾಟಿದರೆ ಅರ್ಥ ಅದಲು ಬದಲಾಗುತ್ತದೆ: ಮರಾಠಿಯಲ್ಲಿ ಆಯಿ ಎಂದರೆ ತಾಯಿ, ತೆಲುಗಿನಲ್ಲಿ ಅವ್ವ ಎಂದರೆ ಅಜ್ಜಿ. ತೆಲುಗು ತಾಯಿಯ ತಾಯಿಯನ್ನು ‘ಅಮ್ಮಮ್ಮ’ ಎಂದೂ ತಂದೆಯ ತಾಯಿಯನ್ನು ‘ನಾಯನಮ್ಮ’ ಎಂದೂ ಬೇರ್ಪಡಿಸುತ್ತದೆ. ಹಿಂದಿಯಲ್ಲಿ ನಾನಿ ಬೇರೆ, ದಾದಿ ಬೇರೆ. ಕನ್ನಡದ ‘ಅಜ್ಜಿ’ಗೆ ಆ ಭೇದವಿಲ್ಲ. ಗುರುತಿಗೆ ಬೇಕಾದಾಗ ದೊಡ್ಡಜ್ಜಿ, ಚಿಕ್ಕಜ್ಜಿ, ಮುತ್ತಜ್ಜಿ ಎನ್ನುತ್ತಾರೆ, ಇಲ್ಲವೇ ಊರಿನ ಹೆಸರನ್ನು ಮುಂದೆ ಸೇರಿಸುತ್ತಾರೆ.

ಅಜ್ಜಿ ಏನು ಮಾಡುತ್ತಿದ್ದಳು ಎಂಬುದನ್ನು ಅವಳ ಹೆಸರು ಸೇರಿದ ಸಮಾಸಪದಗಳೇ ಬರೆದಿಟ್ಟಿವೆ. ಜನಪದ ಕತೆಗಳ ರಾಜಕುಮಾರ ಗೊತ್ತಿಲ್ಲದ ಊರಿಗೆ ಬಂದು ಇಳಿದುಕೊಳ್ಳುವುದು ‘ಅಡಗೂಲಜ್ಜಿ’ಯ ಮನೆಯಲ್ಲಿ. ಅಡು, ಕೂಳು, ಅಜ್ಜಿ ಎಂದು ಈ ಪದವನ್ನು ಬಿಡಿಸುವುದುಂಟು: ದಾರಿಹೋಕರಿಗೆ ಅಡುಗೆ ಮಾಡಿ ಬಡಿಸುವವಳು. ಊರಿನ ಸುದ್ದಿಯೂ ಮುಂದಿನ ದಾರಿಯೂ ಅವನಿಗೆ ತಿಳಿಯುವುದು ಅವಳಿಂದಲೇ. ‘ಅಜ್ಜಿಕತೆ’ ಎಂಬ ಮಾತು ಇಂದು ನಂಬಲಾಗದ ಸಂಗತಿ ಎಂಬ ಹೀನಾರ್ಥಕ್ಕೂ ಇಳಿದಿದೆ, ಆದರೆ ತಲೆಮಾರುಗಳ ನೆನಪನ್ನು ಕಾಗದವಿಲ್ಲದೆ ದಾಟಿಸಿದ್ದು ಆ ಕತೆಯೇ. ಶುಂಠಿ, ಮೆಣಸು, ಜೀರಿಗೆಗಳ ಕಷಾಯದಿಂದ ಬಾಣಂತಿಯ ಪಥ್ಯದವರೆಗಿನ ತಿಳಿವಳಿಕೆ ‘ಅಜ್ಜಿಮದ್ದು’. ಬೇಸಿಗೆ ರಜೆಗೆ ಇನ್ನೊಂದು ಹೆಸರು ‘ಅಜ್ಜಿಮನೆ’. ಮನೆಯ ಯಜಮಾನಿಕೆ ಯಾರದ್ದೇ ಇರಲಿ, ಮಕ್ಕಳ ಬಾಯಲ್ಲಿ ಅದು ಅಜ್ಜಿಯದು.

ಗಾದೆಗಳು ಅಷ್ಟು ಮೃದುವಲ್ಲ. ‘ಅಜ್ಜಿ ಸಾಕಿದ ಮಗ ಬೊಜ್ಜಕ್ಕೂ ಬಾರ’ ಎಂಬುದು ಅವಳ ಅತಿ ಮುದ್ದಿನ ಮೇಲಿನ ದೂರು. ಬೊಜ್ಜ ಎಂದರೆ ಉತ್ತರಕ್ರಿಯೆ. ‘ಅಜ್ಜಿ ನೂತ ನೂಲೆಲ್ಲ ಅಜ್ಜನ ಉಡಿದಾರಕ್ಕೆ ಸರಿ’ ಎಂಬ ಗಾದೆಯನ್ನು ಗಳಿಕೆಗೂ ಖರ್ಚಿಗೂ ಸರಿಹೋಯಿತು ಎನ್ನುವಾಗ ಬಳಸುತ್ತಾರೆ. ಬಳಕೆಯನ್ನು ಬದಿಗಿಟ್ಟು ಮಾತನ್ನಷ್ಟೇ ನೋಡಿದರೆ ಅದರಲ್ಲಿ ಒಂದು ಇಡೀ ಬಾಳು ಕಾಣುತ್ತದೆ. ದುಡಿದವಳು ಅವಳು, ದುಡಿಮೆ ಸಂದದ್ದು ಮನೆಯವರಿಗೆ.

ಅಂಥ ಬಾಳಿಗೆ ಆಧಾರವಾಗಿದ್ದುದು ನಂಬಿಕೆ. ನಸುಕಿನಲ್ಲಿ ಹೊಸ್ತಿಲಿಗೆ ನೀರು ಹಾಕಿ ರಂಗೋಲಿ ಎಳೆಯುವುದು, ತುಳಸಿಗೆ ದೀಪ, ಹರಟುವಾಗಲೂ ನಿಲ್ಲದ ಹೂಬತ್ತಿಯ ಹೊಸೆತ, ಏಕಾದಶಿಯ ಉಪವಾಸ, ಓದು ಬಾರದಿದ್ದರೂ ಬಾಯಲ್ಲಿ ಉಳಿದ ನೂರಾರು ಹಾಡುಗಳು: ಅವಳ ಭಕ್ತಿಗೆ ಗುಡಿಗಿಂತ ಮನೆಯೇ ಹೆಚ್ಚು ಜಾಗ ಕೊಟ್ಟಿತ್ತು. ಮನೆಯ ಕೆಲಸ ಮತ್ತು ದೇವರ ಕೆಲಸದ ನಡುವೆ ಅವಳು ಗೆರೆ ಎಳೆಯಲಿಲ್ಲ. ತ್ರಿವೇಣಿಯವರ (1928–1963) ‘ಕಾಶೀಯಾತ್ರೆ’ ಕಾದಂಬರಿಯ ಮುದುಕಿ ಕಾಶಿಗೆಂದು ಕೂಡಿಟ್ಟ ಹಣವನ್ನು ಅನಾಥ ಹುಡುಗಿಯ ಮದುವೆಗೆ ಕೊಡುತ್ತಾಳೆ. ಆ ಕತೆ ಓದುಗರ ಮನಸ್ಸಿನಲ್ಲಿ ನಿಂತದ್ದಕ್ಕೆ ಕಾರಣ, ಅಂಥ ಅಜ್ಜಿಯನ್ನು ಅವರು ತಮ್ಮ ಮನೆಗಳಲ್ಲೇ ಕಂಡಿದ್ದರು.

ಅಜ್ಜಿಯಾಗಲು ಹೆತ್ತಿರಲೇಬೇಕೆಂದಿಲ್ಲ. ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ (1968) ಕಾದಂಬರಿಗೆ 1977ರ ಜ್ಞಾನಪೀಠ ಪ್ರಶಸ್ತಿ ಬಂತು. ಅದರ ಮೂಕಜ್ಜಿ ಬಾಲವಿಧವೆ. ಕೈಗೆ ಬಂದ ವಸ್ತುವನ್ನು ಮುಟ್ಟಿ ಅದರ ಹಿಂದಿನ ಕಾಲವನ್ನು ಕಾಣಬಲ್ಲ ಈಕೆ ದೇವರ ಬಗ್ಗೆಯೂ ಅಂಜದೆ ಮಾತಾಡುತ್ತಾಳೆ. ಅಂಕೋಲಾದ ಬಡಗೇರಿಯ, ಹಾಲಕ್ಕಿ ಸಮುದಾಯದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರು ಇಡೀ ಜಿಲ್ಲೆಗೆ ‘ಸುಕ್ರಜ್ಜಿ’. ಸಾವಿರಾರು ಹಾಡುಗಳನ್ನು ನೆನಪಿನಲ್ಲಿಟ್ಟುಕೊಂಡು, ಸಾರಾಯಿಯ ವಿರುದ್ಧ ಹೆಂಗಸರನ್ನು ಕಟ್ಟಿಕೊಂಡು ಹೋರಾಡಿದ ಆಕೆಗೆ 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರುವರಿಯಲ್ಲಿ ಆಕೆ ತೀರಿಕೊಂಡರು. ಸರ್ಕಾರ ಕೊಟ್ಟ ಬಿರುದಿಗೆ ಮೊದಲೇ ಜನ ಕೊಟ್ಟಿದ್ದ ಬಿರುದು ಅಜ್ಜಿ ಎಂಬುದೇ.

ಈ ಮನ್ನಣೆಗೆ ಒಂದು ಬೆಲೆಯೂ ಇದೆ: ‘ಅಜ್ಜಿ’ ಎಂಬ ಕರೆ ಬಂದ ಮೇಲೆ ಹೆಣ್ಣಿನ ಹೆಸರು ಮರೆಯಾಗುತ್ತದೆ. ಮೊದಲು ಮಗಳು, ಆಮೇಲೆ ಸೊಸೆ, ಆಮೇಲೆ ಇಂಥವರ ತಾಯಿ, ಕೊನೆಗೆ ಎಲ್ಲರ ಅಜ್ಜಿ. ಗಂಡ ಹೆಂಡತಿಯನ್ನು ಹೆಸರು ಹಿಡಿದು ಕರೆಯದ ಮನೆಗಳಲ್ಲಿ ಅದನ್ನು ಆಡುವ ನಾಲಿಗೆಯೇ ಉಳಿದಿರುವುದಿಲ್ಲ. ಅನೇಕ ಮೊಮ್ಮಕ್ಕಳು ಅಜ್ಜಿಯ ಹೆಸರನ್ನು ಮೊದಲು ಓದುವುದು ವೈಕುಂಠ ಸಮಾರಾಧನೆಯ ಕಾರ್ಡಿನಲ್ಲಿ. ಶ್ರಾದ್ಧದ ಮಂತ್ರದಲ್ಲಿ ‘ಅಜ್ಜಿ’ ಎಂಬ ಮಾತು ಬರುವುದಿಲ್ಲ. ತಂದೆಯ ಕಡೆಯವಳು ಅಲ್ಲಿ ‘ಪಿತಾಮಹಿ’, ತಾಯಿಯ ಕಡೆಯವಳು ‘ಮಾತಾಮಹಿ’. ಆ ಸಂಸ್ಕೃತ ಪದಗಳ ಜೊತೆಗೆ ಅವಳ ಹೆಸರನ್ನೂ ಹೇಳಬೇಕು. ಪುರೋಹಿತರು ಹೆಸರು ಕೇಳಿದಾಗ ಒಬ್ಬರ ಮುಖವನ್ನು ಒಬ್ಬರು ನೋಡಿಕೊಳ್ಳುವ ಮನೆಗಳುಂಟು. ಅಜ್ಜಿ ಇನ್ನೂ ಇರುವ ಮನೆಯಲ್ಲಿ ಆ ಹೆಸರನ್ನು ಇಂದೇ ಕೇಳಿ ಬರೆದಿಡಬೇಕು. ಅವಳ ತಾಯಿಯ ಹೆಸರನ್ನೂ ಕೇಳಬೇಕು, ಅದನ್ನು ಬಲ್ಲವಳು ಬಹುಶಃ ಅವಳೊಬ್ಬಳೇ.