ಗೇಣಗಲದ ಬಿಲ್ಲೆಯ ಬಿಸಿ

ವಾಲ್ವಿನ ಹಳೆಯ ರೇಡಿಯೋ ಇದ್ದ ಮನೆಯಲ್ಲಿ ಬೆಳೆದ ಓದುಗರಿಗೆ ಒಂದು ಸಂಗತಿ ನೆನಪಿರಬಹುದು. ಪೆಟ್ಟಿಗೆಯ ಮುಂಭಾಗವೆಲ್ಲ ಗಾಜು, ಬಟ್ಟೆ, ಮೆರುಗು. ಹಿಂಭಾಗದ ಹಲಗೆಗೆ ಮಾತ್ರ ಸಾಲು ಸಾಲು ತೂತುಗಳು. ಯಲಬುರ್ಗಾದ ನಮ್ಮ ಮನೆಯಲ್ಲಿ ಚಳಿಗಾಲದ ಬೆಳಗ್ಗೆ ಆ ತೂತುಗಳಿಗೆ ಅಂಗೈ ಹಿಡಿದು ಕಾಯಿಸಿಕೊಳ್ಳುತ್ತಿದ್ದೆವು. ವಾರ್ತೆ ಕೇಳುತ್ತಿದ್ದ ತಂದೆಯವರು ಗದರುತ್ತಿದ್ದರು. ಗಣಕಯಂತ್ರದ ಚರಿತ್ರೆಯಲ್ಲಿ ಆ ತೂತುಗಳದೇ ಒಂದು ಪ್ರಕರಣವುಂಟು.

1946ರಲ್ಲಿ ಅಮೆರಿಕದಲ್ಲಿ ಲೋಕಕ್ಕೆ ತೋರಿಸಿದ ಎನಿಯಾಕ್ ಯಂತ್ರದಲ್ಲಿ ಸುಮಾರು 18,000 ವಾಲ್ವುಗಳಿದ್ದುವು. 150 ಕಿಲೋವ್ಯಾಟಿನಷ್ಟು ವಿದ್ಯುತ್ತು ಒಳಗೆ ಹೋಗಿ, ಅಷ್ಟೂ ಬಿಸಿಯಾಗಿ ಹೊರಬೀಳುತ್ತಿತ್ತು. ವಾಲ್ವು ಹೋಗಿ ಟ್ರಾನ್ಸಿಸ್ಟರು ಬಂದರೂ ತೊಂದರೆ ತಪ್ಪಲಿಲ್ಲ. 1976ರ ಕ್ರೇ-1 ಯಂತ್ರಕ್ಕೆ ಫ್ರಿಯಾನ್ ಹರಿಸಬೇಕಾಯಿತು. 1985ರ ಕ್ರೇ-2ರ ಒಳಭಾಗಗಳನ್ನಂತೂ ವಿದ್ಯುತ್ತು ಹರಿಯಗೊಡದ ದ್ರವದಲ್ಲಿ ಮುಳುಗಿಸಿಯೇ ಇಟ್ಟರು.

ಚಿಪ್ಪುಗಳು ತಯಾರಾಗುವುದು ದುಂಡನೆಯ ಸಿಲಿಕಾನ್ ಬಿಲ್ಲೆಯ ಮೇಲೆ. ಲಟ್ಟಿಸಿದ ಹಾಳೆಯಿಂದ ಶಂಕರಪೋಳಿ ಕೊಯ್ಯುವಂತೆ ಅದನ್ನು ನೂರಾರು ತುಂಡು ಮಾಡಿ, ಆಮೇಲೆ ಆ ತುಂಡುಗಳನ್ನೇ ತಂತಿಗಳಿಂದ ಮತ್ತೆ ಜೋಡಿಸುತ್ತಾರೆ. ಹಾಗಾದರೆ ಕೊಯ್ಯುವುದೇಕೆ? ಜೀನ್ ಆಮ್ಡಾಲ್ ಎಂಬ ಹೆಸರಾಂತ ಯಂತ್ರಶಿಲ್ಪಿ ಹೀಗೆಯೇ ಯೋಚಿಸಿ 1980ರಲ್ಲಿ ಟ್ರೈಲಜಿ ಸಂಸ್ಥೆಯನ್ನು ಕಟ್ಟಿದರು. ಅಪಾರ ಹಣ ಸುರಿದರೂ ಕೆಲವೇ ವರ್ಷಗಳಲ್ಲಿ ಕೈಬಿಡಬೇಕಾಯಿತು. 2019ರಲ್ಲಿ ಸೆರೆಬ್ರಾಸ್ ಎಂಬ ಅಮೆರಿಕದ ಸಂಸ್ಥೆ ಅದನ್ನು ಸಾಧಿಸಿತು. 2022ರಲ್ಲಿ ಅದರ ಶಾಖೆಯೊಂದು ಬೆಂಗಳೂರಿನಲ್ಲಿಯೂ ತೆರೆಯಿತು.

ಆ ಬಿಲ್ಲೆಯ ಒಂದು ಬದಿ 21.5 ಸೆಂಟಿಮೀಟರು, ಅಂದರೆ ನಮ್ಮ ಲೆಕ್ಕದ ಒಂದು ಗೇಣು. ಅದರಲ್ಲಿ 1.2 ಲಕ್ಷ ಕೋಟಿ ಟ್ರಾನ್ಸಿಸ್ಟರುಗಳು! ಪೆಟ್ಟಿಗೆಗೆ ಬೇಕಾಗುವ ವಿದ್ಯುತ್ತು ಹೆಚ್ಚೆಂದರೆ 20 ಕಿಲೋವ್ಯಾಟು. ಸಾವಿರ ವ್ಯಾಟಿನ ಇಪ್ಪತ್ತು ಇಸ್ತ್ರಿಪೆಟ್ಟಿಗೆಗಳು ಒಟ್ಟಿಗೆ ಕಾದಂತೆ. ಆದರೆ ಬಿಲ್ಲೆ ಬೇಡುವುದು ಒಂದು ವೋಲ್ಟಿಗೂ ಕಡಿಮೆಯ ಒತ್ತಡ. ಒತ್ತಡ ತಗ್ಗಿದಷ್ಟೂ ಪ್ರವಾಹ ಏರಲೇಬೇಕಷ್ಟೆ. ನಮ್ಮ ಮನೆಯ ದೊಡ್ಡ ಪ್ಲಗ್ಗು ತಾಳುವುದು 16 ಆಂಪೇರು. ಇಲ್ಲಿ ಹತ್ತು ಸಾವಿರಕ್ಕೂ ಮಿಕ್ಕು ಹರಿಯಬೇಕು.

ಅಷ್ಟನ್ನೂ ಅಂಚಿನಿಂದ ಬಿಟ್ಟರೆ ನಡುವಿಗೆ ಮುಟ್ಟುವುದಿಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯ ಕೊನೆಯ ಹೊಲದವರನ್ನು ಕೇಳಿರಿ. ಈ ಮಾತನ್ನು ನನಗಿಂತ ಚೆನ್ನಾಗಿ ಬಿಡಿಸಿ ಹೇಳುತ್ತಾರೆ. ಆದ್ದರಿಂದ ಬಿಲ್ಲೆಯ ಬೆನ್ನಿಗೆ ಹಲಗೆಯನ್ನು ನಿಲ್ಲಿಸಿ, ಪ್ರತಿಯೊಂದು ಭಾಗಕ್ಕೂ ನೇರವಾಗಿ, ಲಂಬವಾಗಿ ವಿದ್ಯುತ್ತು ಉಣಿಸಿದರು. ಇನ್ನೊಂದು ಮಗ್ಗುಲಿಗೆ ತಣ್ಣನೆಯ ಲೋಹಫಲಕವನ್ನು ಒತ್ತಿ ಅದರೊಳಗೆ ನೀರು ಹರಿಸಿದರು.

ಇಷ್ಟಕ್ಕೇ ಮುಗಿಯಲಿಲ್ಲ. ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ತೊಡಿಸುವುದನ್ನು ಕಂಡವರಿಗೆ ಬಿಸಿಗೆ ಲೋಹ ಹಿಗ್ಗುವುದು ಗೊತ್ತು. ಸಿಲಿಕಾನಿಗಿಂತ ಹಲಗೆಯ ಹಿಗ್ಗು ಐದಾರು ಪಟ್ಟು. ಚಿಕ್ಕ ಚಿಪ್ಪಿಗೆ ಇದು ಲೆಕ್ಕಕ್ಕಿಲ್ಲ. ಗೇಣಗಲದ ಬಿಲ್ಲೆಯಾದರೆ ಸೀಳಿಯೇ ಹೋದೀತು. ಎರಡರ ಎಳೆದಾಟವನ್ನೂ ಸಹಿಸುವಂಥ ಹೊಸ ಪದರವೊಂದನ್ನು ಅವರು ನಡುವೆ ಇಟ್ಟರು. ಇಡೀ ಸಾಹಸದಲ್ಲಿ ನನ್ನ ಮೆಚ್ಚುಗೆ ಈ ಪದರಕ್ಕೆ. ಹೆಸರಿಲ್ಲದೆ ದುಡಿಯುವ ಸಂಧಿಯ ಆಗಮಾಕ್ಷರದ ಹಾಗೆ.

ತರಗತಿಯಲ್ಲಿ ಇದನ್ನು ಹೇಳಿದಾಗ ಹುಡುಗಿಯೊಬ್ಬಳು ಎದ್ದು, "ಸರ್, ಆ ನೀರು ಕುಡಿಯುವ ನೀರೇ?" ಎಂದು ಕೇಳಿದಳು. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡು ಬೆರೆತ ಸೀಮೆ ನಮ್ಮದು; ಅವಳ ಕೈಗೆ ಕೊಡ ಹೊತ್ತು ರೂಢಿ. ಆ ಪೆಟ್ಟಿಗೆಯಲ್ಲಿ ಅದೇ ನೀರು ಸುತ್ತುತ್ತಿರುತ್ತದೆ, ವ್ಯಯವಾಗುವುದಿಲ್ಲ ಎಂದೆ. ಆದರೆ ಇಂಥ ಯಂತ್ರಗಳನ್ನು ನೂರಾರು ಕೂಡಿಸಿದ ಭವನಗಳಲ್ಲಿ ಬಿಸಿಯನ್ನು ಹೊರಹಾಕಲು ಎಷ್ಟೋ ಕಡೆ ನೀರನ್ನು ಆವಿಯಾಗಿಸುತ್ತಾರೆ, ಆ ನೀರು ಹಿಂತಿರುಗುವುದಿಲ್ಲ ಎಂಬುದನ್ನೂ ಮರೆಮಾಚದೆ ಹೇಳಿದೆ. ಕಿಟಕಿಯಾಚೆ, ಎರೆಹೊಲಗಳ ಮೇಲೆ, ಗಾಳಿಯಂತ್ರಗಳು ತಿರುಗುತ್ತಿದ್ದುವು. ಆ ವಿದ್ಯುತ್ತು ತಂತಿ ಹಿಡಿದು ಎಲ್ಲೆಲ್ಲಿಗೆ ಹೋಗುತ್ತದೆಂದು ಅವಳು ಇನ್ನೂ ಕೇಳಿರಲಿಲ್ಲ.

ಅಂದಹಾಗೆ, 2019ರ ಆ ಪೆಟ್ಟಿಗೆಯಲ್ಲಿ ನೀರು ಹೊತ್ತು ತಂದ ಬಿಸಿಯನ್ನು ಕಡೆಗೆ ಫ್ಯಾನುಗಳು ಹೊರಗೆ ಊದುತ್ತಿದ್ದುವು, ಹಿಂಭಾಗದಿಂದಲೇ.