ಮೈಸೂರಿನ ಗಾಡಿ, ಪುಣೆಯ ರಸ್ತೆ, ವಿಮೆಯ ಲೆಕ್ಕ



ನಮ್ಮ ಫೋನ್-ಇನ್ ಕಾರ್ಯಕ್ರಮಕ್ಕೆ ಹಾಡು ಕೇಳಲು ಕರೆ ಮಾಡುವವರು ಹಾಡಿನ ಜೊತೆಗೆ ಇನ್ನೂ ನಾಲ್ಕು ಮಾತು ಹೇಳಿಯೇ ಫೋನ್ ಇಡುತ್ತಾರೆ. ಕೆಲವು ದಿನಗಳ ಹಿಂದೆ ಕೋಥರೂಡಿನಿಂದ ಒಬ್ಬ ಹಿರಿಯರು ಮಾತಾಡಿದರು. ಮೂಲ ಧಾರವಾಡ ಕಡೆಯವರು, ನೌಕರಿಗೆಂದು ಪುಣೆಗೆ ಬಂದು ಇಲ್ಲೇ ನೆಲೆ ನಿಂತವರು. ಹಾಡು ಮುಗಿದ ಮೇಲೆ ಅವರು ಕೇಳಿದ ಪ್ರಶ್ನೆ ಹೀಗಿತ್ತು:

"ತಂಗಿ, ನನ್ನ ಹತ್ರ 1984ರ ಯೆಜ್ಡಿ ಗಾಡಿ ಐತಿ. ವಿಮಾ ಮಾಡಸಾಕ ಹೋದ್ರ ಒಬ್ಬಾಂವ ಕಂಪ್ಯೂಟರ್ನ್ಯಾಗ ಈ ಗಾಡಿ ಹೆಸರ ಇಲ್ಲಂತಾನ, ಇನ್ನೊಬ್ಬಾಂವ ಗುಜರಿಗೆ ಹಾಕ್ರಿ ಅಂತಾನ. ಕಡಿಮಿ ರೊಕ್ಕದಾಗ ವಿಮಾ ಆಗೂದಿಲ್ಲೇನು?"

"ಗಾಡಿ ಯಾರು ಓಡಸ್ತೀರಿ ಕಾಕಾ?" ಅಂದೆ.

"ನಾನ ಓಡಸ್ತೀನಿ. ಮಂಗಳವಾರ ಮಂಗಳವಾರ ನಿಮ್ಮ ಕಾಕೂನ್ನ ಹಿಂದ ಕುಂಡ್ರಿಸಿಕೊಂಡು ಸಾರಸಬಾಗ ಗಣಪತಿಗೆ ಹೋಗಿಬರ್ತೀನಿ."

ಕಾಕಾ ಹೇಳಿದ ಈ ಕೊನೆಯ ಮಾತೇ ಇಡೀ ವಿಷಯದ ಗಂಟು ಎಂದು ಆಮೇಲೆ ಹುಡುಕುತ್ತ ಹೋದಾಗ ತಿಳಿಯಿತು. ಅದಕ್ಕೆ ಕೊನೆಯಲ್ಲಿ ಬರೋಣ. ಮೊದಲು ಗಾಡಿಯ ಕಥೆ.

ಯೆಜ್ಡಿ ನಮ್ಮ ಮೈಸೂರಿನ ಗಾಡಿ. ಜಾವಾ ಎಂಬ ಚೆಕ್ ದೇಶದ ಮೋಟಾರ್‌ಸೈಕಲ್ಲನ್ನು ಇಲ್ಲಿ ತಯಾರಿಸಲು 1960ರಲ್ಲಿ ಐಡಿಯಲ್ ಜಾವಾ ಕಂಪನಿ ಹುಟ್ಟಿತು. ಇರಾನಿ ಮನೆತನದ ಪಾರ್ಸಿ ಉದ್ಯಮಿಗಳು ಅದರ ಹಿಂದಿದ್ದರು. ಜಯಚಾಮರಾಜ ಒಡೆಯರ ಬೆಂಬಲವೂ ಇತ್ತು. 1961ರಿಂದ ಮೈಸೂರಿನ ಯಾದವಗಿರಿಯ ಕಾರ್ಖಾನೆಯಿಂದ ಗಾಡಿಗಳು ಹೊರಬಂದವು. 1973ರಿಂದ ಅವುಗಳ ಮೇಲೆ ಯೆಜ್ಡಿ ಎಂಬ ಹೆಸರು ಬಂತು. ಎರಡು ಸೈಲೆನ್ಸರು, ಕಿಕ್ ಹೊಡೆಯುವ ಕಡ್ಡಿಯೇ ಗೇರ್ ಹಾಕುವ ಕಡ್ಡಿ, ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕುವ ಸಂಭ್ರಮ, ಇವನ್ನು ಕಂಡವರು ಮರೆಯುವುದಿಲ್ಲ. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆದರೂ ಗಾಡಿಗಳು ನಿಲ್ಲಲಿಲ್ಲ. ನಮ್ಮ ಪುಣೆಯಲ್ಲೇ ನಾನಾ ಪೇಠೆಯ ಬಿಡಿಭಾಗದ ಅಂಗಡಿಗಳನ್ನೂ ಜುನಾ ಬಜಾರವನ್ನೂ ಸುತ್ತಿ ಇವಕ್ಕೆ ಜೀವ ತುಂಬುವವರಿದ್ದಾರೆ.

ಇನ್ನು ವಿಮೆಯ ಕಥೆ. ಬ್ರಿಟನ್ನಿನಲ್ಲಿ 1930ರ ರಸ್ತೆ ಸಂಚಾರ ಕಾಯ್ದೆ ಮೋಟಾರು ಗಾಡಿಗಳಿಗೆ ಥರ್ಡ್ ಪಾರ್ಟಿ ವಿಮೆಯನ್ನು ಕಡ್ಡಾಯ ಮಾಡಿತು. ಅದೇ ಮಾದರಿಯಲ್ಲಿ ಭಾರತದಲ್ಲಿ 1939ರ ಮೋಟಾರು ವಾಹನ ಕಾಯ್ದೆ ಬಂತು. ಆದರೆ ವಿಮೆಗೆ ಸಂಬಂಧಿಸಿದ ಅದರ ಎಂಟನೆಯ ಅಧ್ಯಾಯ ಕೂಡಲೇ ಜಾರಿಯಾಗಲಿಲ್ಲ. ಮಹಾಯುದ್ಧ ಮುಗಿದ ಮೇಲೆ, 1946ರ ಜುಲೈ 1ರಿಂದ ಅದು ಜಾರಿಗೆ ಬಂತು.

ಥರ್ಡ್ ಪಾರ್ಟಿ ಅಂದರೆ ಯಾರು? ವಿಮೆ ಮಾಡಿಸಿದವರು ಮೊದಲನೆಯವರು. ವಿಮಾ ಕಂಪನಿ ಎರಡನೆಯದು. ನಿಮ್ಮ ಗಾಡಿ ತಾಗಿ ಪೆಟ್ಟು ತಿಂದ ದಾರಿಹೋಕರು ಮೂರನೆಯವರು. ಗುದ್ದಿದವನ ಜೇಬಿನಲ್ಲಿ ದುಡ್ಡಿಲ್ಲದಿದ್ದರೆ ಕಾಲು ಮುರಿದುಕೊಂಡವನ ಗತಿ ಏನು ಎಂಬುದು ಆಗಿನ ಪ್ರಶ್ನೆಯಾಗಿತ್ತು. ಕಾಯ್ದೆ ಕಂಡುಕೊಂಡ ಉತ್ತರ ಇದು: ರಸ್ತೆಗೆ ಗಾಡಿ ಇಳಿಸುವ ಪ್ರತಿಯೊಬ್ಬನೂ ಮೊದಲೇ ಒಂದಿಷ್ಟು ಹಣ ಕಟ್ಟಿರಬೇಕು. ಅಂದರೆ ಕಡ್ಡಾಯ ವಿಮೆ ಹುಟ್ಟಿದ್ದು ಗಾಡಿಯನ್ನು ಕಾಯಲು ಅಲ್ಲ, ಗಾಡಿಯಿಂದ ಜನರನ್ನು ಕಾಯಲು. ಸಾಮಾನ್ಯ ನ್ಯಾಯಾಲಯಗಳಿಗೆ ಅಲೆದು ಸುಸ್ತಾಗುವವರಿಗಾಗಿ 1956ರ ತಿದ್ದುಪಡಿಯಲ್ಲಿ ಅಪಘಾತ ಪರಿಹಾರ ನ್ಯಾಯಮಂಡಳಿಗಳೂ ಬಂದವು. 1939ರ ಕಾಯ್ದೆಯ ಜಾಗಕ್ಕೆ 1988ರ ಕಾಯ್ದೆ ಬಂತು. ಅದು ಜಾರಿಯಾದದ್ದೂ ಜುಲೈ 1ರಂದೇ, 1989ರಲ್ಲಿ.

ಕಾಕಾ ಗಾಡಿ ಕೊಂಡ ಕಾಲಕ್ಕೆ ವಿಮೆ ಮಾಡಿಸಲು ಹೆಚ್ಚು ಬಾಗಿಲುಗಳಿರಲಿಲ್ಲ. 1973ರ ಜನವರಿ 1ರಿಂದ ಸಾಮಾನ್ಯ ವಿಮೆ ರಾಷ್ಟ್ರೀಕರಣವಾಗಿ, ನೂರಕ್ಕೂ ಹೆಚ್ಚು ಕಂಪನಿಗಳು ನಾಲ್ಕು ಸರ್ಕಾರಿ ಕಂಪನಿಗಳಲ್ಲಿ ಸೇರಿಹೋಗಿದ್ದವು: ನ್ಯಾಷನಲ್, ನ್ಯೂ ಇಂಡಿಯಾ, ಓರಿಯಂಟಲ್ ಮತ್ತು ಯುನೈಟೆಡ್ ಇಂಡಿಯಾ. ಯಾವ ಬಾಗಿಲಿಗೆ ಹೋದರೂ ದರ ಒಂದೇ. ಟ್ಯಾರಿಫ್ ಅಡ್ವೈಸರಿ ಕಮಿಟಿ ಎಂಬ ಸಮಿತಿ ದರ ಗೊತ್ತುಮಾಡುತ್ತಿತ್ತು. ಹೀಗಾಗಿ ಅಗ್ಗದ ವಿಮೆ ಹುಡುಕುವ ಪ್ರಮೇಯವೇ ಆಗ ಇರಲಿಲ್ಲ.

1999ರ ಕಾಯ್ದೆಯಿಂದ ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎ ಬಂದು, ಖಾಸಗಿಯವರಿಗೆ ಬಾಗಿಲು ತೆರೆಯಿತು. ಸ್ಕೂಟರಿನಿಂದ ಹೆಸರಾದ ಬಜಾಜ್ ಬಳಗ ಜರ್ಮನಿಯ ಅಲಯನ್ಸ್ ಜೊತೆ ಸೇರಿ ಈ ಪುಣೆಯಲ್ಲೇ 2001ರಲ್ಲಿ ವಿಮಾ ಕಂಪನಿ ಆರಂಭಿಸಿತು. ಆಕುರ್ಡಿಯಲ್ಲಿ ಗಾಡಿ, ಯೆರವಡೆಯಲ್ಲಿ ವಿಮೆ! ಆದರೂ ದರ ಇನ್ನೂ ಸರ್ಕಾರದ ಹಿಡಿತದಲ್ಲೇ ಇತ್ತು. 2002ರ ಜುಲೈ 1ರಿಂದ ಅಖಿಲ ಭಾರತ ಮೋಟಾರು ಟ್ಯಾರಿಫ್ ಎಂಬ ದೊಡ್ಡ ದರಪಟ್ಟಿ ಜಾರಿಗೆ ಬಂತು. ಅದರಲ್ಲಿ ದ್ವಿಚಕ್ರ ವಾಹನಗಳಿಗೆ ದೇಶವನ್ನು ಎರಡು ವಲಯ ಮಾಡಿದ್ದರು. ಮುಂಬೈ, ದೆಹಲಿ, ಬೆಂಗಳೂರು ಮೊದಲಾದ ಎಂಟು ನಗರಗಳು 'ಎ' ವಲಯ. ನಮ್ಮ ಪುಣೆಯೂ ಅದರಲ್ಲಿ ಒಂದು. ಉಳಿದ ದೇಶವೆಲ್ಲ 'ಬಿ'. ಹೀಗಾಗಿ ಗಾಡಿಗಾಗುವ ನಷ್ಟದ ವಿಮೆಯಲ್ಲಿ ಮೈಸೂರು, ಧಾರವಾಡದಲ್ಲಿ ನೋಂದಣಿಯಾದ ಗಾಡಿಗೆ ಪುಣೆಯ ಗಾಡಿಗಿಂತ ತುಸು ಕಡಿಮೆ ದರ. ಗಾಡಿಗೆ ಐದು ವರ್ಷ ದಾಟಿದರೆ ದರ ಏರುತ್ತಿತ್ತು. ಹತ್ತು ದಾಟಿದರೆ ಇನ್ನೊಂದಿಷ್ಟು ಏರುತ್ತಿತ್ತು.

2007ರ ಜನವರಿ 1ರಿಂದ ಒಂದು ಮುಖ್ಯ ಬದಲಾವಣೆ ಆಯಿತು. ಗಾಡಿಗಾಗುವ ನಷ್ಟದ ವಿಮೆಗೆ ಕಂಪನಿಗಳು ತಮ್ಮ ದರ ತಾವೇ ಇಡಬಹುದು ಎಂದಾಯಿತು. ಥರ್ಡ್ ಪಾರ್ಟಿ ದರ ಮಾತ್ರ ಸರ್ಕಾರಿ ನಿಗದಿಯಲ್ಲೇ ಉಳಿಯಿತು. ಅಗ್ಗದ ವಿಮೆ ಹುಡುಕುವವರು ಮೊದಲು ತಿಳಿಯಬೇಕಾದದ್ದು ಇದನ್ನೇ. ವಿಮೆಯ ಚೀಟಿಯಲ್ಲಿ ಎರಡು ಲೆಕ್ಕ ಇರುತ್ತವೆ. ಚೌಕಾಸಿ ನಡೆಯುವುದು ಒಂದರಲ್ಲಿ ಮಾತ್ರ.

ಥರ್ಡ್ ಪಾರ್ಟಿ ಲೆಕ್ಕ ನೋಡೋಣ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ ದ್ವಿಚಕ್ರ ವಾಹನಗಳ ವಾರ್ಷಿಕ ದರ ಹೀಗಿದೆ: 75 ಸಿಸಿವರೆಗೆ 538 ರೂಪಾಯಿ, 75ರಿಂದ 150 ಸಿಸಿವರೆಗೆ 714, 150ರಿಂದ 350 ಸಿಸಿವರೆಗೆ 1,366, ಅದಕ್ಕೂ ಮೇಲ್ಪಟ್ಟು 2,804. ಇದರ ಮೇಲೆ ತೆರಿಗೆ ಬೇರೆ. ಹಣ ಕಟ್ಟುವ ದಿನ ಜಾರಿಯಲ್ಲಿರುವ ಪಟ್ಟಿಯನ್ನು ಒಮ್ಮೆ ನೋಡಿಕೊಳ್ಳಿ. ಗಮನಿಸಿ, ಇಲ್ಲಿ ಗಾಡಿಯ ವಯಸ್ಸನ್ನು ಯಾರೂ ಕೇಳಿಲ್ಲ. ನಲವತ್ತು ವರ್ಷದ ಯೆಜ್ಡಿಗೂ ಅದರ ಮುಂದೆ ತೀರಾ ಎಳೆಯದಾದ 350 ಸಿಸಿ ಗಾಡಿಗೂ ವಾರ್ಷಿಕ ದರ ಒಂದೇ. ಅನ್ಯಾಯ ಅನ್ನಿಸಬಹುದು. ಆದರೆ ಹಳೆಯ ಗಾಡಿ ಗುದ್ದಿದರೆ ಪೆಟ್ಟು ಕಡಿಮೆಯೇ? ರಸ್ತೆ ದಾಟುವವನ ಜೀವಕ್ಕೆ ಗಾಡಿಯ ವಯಸ್ಸು ಕಟ್ಟಿಕೊಂಡು ಆಗಬೇಕಾದ್ದೇನೂ ಇಲ್ಲ.

ಎರಡನೆಯ ಲೆಕ್ಕ ಗಾಡಿಯ ಬೆಲೆಯದು. ಇದನ್ನು ಐಡಿವಿ ಎನ್ನುತ್ತಾರೆ. ಗಾಡಿ ಪೂರ್ತಿ ಹಾಳಾದರೆ ಅಥವಾ ಕಳುವಾದರೆ ಕಂಪನಿ ಲೆಕ್ಕಕ್ಕೆ ಹಿಡಿಯುವ ಬೆಲೆ. 2002ರ ಟ್ಯಾರಿಫ್ ಪ್ರಕಾರ ಆರು ತಿಂಗಳ ಗಾಡಿಗೆ ನೂರಕ್ಕೆ 5 ಕಡಿತ, ಒಂದು ವರ್ಷಕ್ಕೆ 15, ನಾಲ್ಕರಿಂದ ಐದು ವರ್ಷದ ಗಾಡಿಗೆ 50. ಐದು ವರ್ಷ ದಾಟಿದ ಮೇಲೆ ಪಟ್ಟಿ ಸುಮ್ಮನಾಗುತ್ತದೆ. ಅಲ್ಲಿಂದಾಚೆಗೆ ಮಾಲೀಕರೂ ಕಂಪನಿಯೂ ಕೂತು ಬೆಲೆ ಒಪ್ಪಿಕೊಳ್ಳಬೇಕು. ಕಾಕಾ ಸಿಕ್ಕಿಬಿದ್ದದ್ದು ಇಲ್ಲೇ. ಕಾರ್ಖಾನೆ ಮುಚ್ಚಿದ ಗಾಡಿಯ ಬೆಲೆ ಕಂಪ್ಯೂಟರಿಗೆ ಗೊತ್ತಿಲ್ಲ, ಕೂತು ಮಾತಾಡುವ ಪುರುಸೊತ್ತು ಏಜೆಂಟರಿಗಿಲ್ಲ. ರಿಪೇರಿಯಲ್ಲೂ ಅಷ್ಟೇ: ಹತ್ತು ವರ್ಷ ದಾಟಿದ ಗಾಡಿಯ ಲೋಹದ ಭಾಗಗಳಿಗೆ ಅರ್ಧ ಬೆಲೆ ಕಡಿತ; ರಬ್ಬರು, ಪ್ಲಾಸ್ಟಿಕ್ಕಿಗೆ ಗಾಡಿ ಎಷ್ಟೇ ಹೊಸದಿದ್ದರೂ ಅರ್ಧ ಕಡಿತ.

"ಹಾಗಾದರೆ ವಿಂಟೇಜ್ ಅಂತ ಮಾಡಿಸಿದರೆ ಆಗೂದಿಲ್ಲೇನು?" ಎಂದು ಕಾಕಾ ಕೇಳಿದ್ದರು. 2021ರ ಜುಲೈನಲ್ಲಿ ಬಂದ ನಿಯಮದಂತೆ ಐವತ್ತು ವರ್ಷ ದಾಟಿದ ಗಾಡಿಗಳಿಗೆ ಪ್ರತ್ಯೇಕ ವಿಂಟೇಜ್ ನೋಂದಣಿ ಉಂಟು. ಅದಕ್ಕೆ ಶುಲ್ಕ 20,000 ರೂಪಾಯಿ, ಜೊತೆಗೆ ಆ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. 2022ರ ಥರ್ಡ್ ಪಾರ್ಟಿ ಪಟ್ಟಿಯಲ್ಲಿ ವಿಂಟೇಜ್‌ಗೆಂದು ಅರ್ಧ ರಿಯಾಯಿತಿ ಇದೆಯಾದರೂ ಅದು ಖಾಸಗಿ ಕಾರುಗಳಿಗೆ. ಕಾಕಾನ ಗಾಡಿಗೆ ಐವತ್ತು ತುಂಬುವುದು 2034ಕ್ಕೆ. ಅಲ್ಲಿಯವರೆಗೆ ಅದು ಬರೀ ಹಳೆಯ ಗಾಡಿ!

ಇಷ್ಟೆಲ್ಲ ನೋಡಿದ ಮೇಲೆ ಯಾರಾದರೂ ಹೇಳುವುದು ಒಂದೇ: ಬರೀ ಥರ್ಡ್ ಪಾರ್ಟಿ ಮಾಡಿಸಿ, ಸುಮ್ಮನಿರಿ. ಕಾನೂನಿಗೆ ಅಷ್ಟು ಸಾಕು. ವಿಮೆ ಇಲ್ಲದೆ ಓಡಿಸಿದರೆ 2019ರ ತಿದ್ದುಪಡಿಯಂತೆ ಮೊದಲ ಸಲ 2,000 ರೂಪಾಯಿ, ಮತ್ತೆ ಸಿಕ್ಕಿಬಿದ್ದರೆ 4,000 ರೂಪಾಯಿ ದಂಡ, ಅದರಿಂದಲೂ ಪಾರು. ನಾನೂ ಕಾಕಾನಿಗೆ ಅದನ್ನೇ ಹೇಳುವವಳಿದ್ದೆ. ಆಗ ಹಿಂದಿನ ಸೀಟಿನ ಕಾಕು ನೆನಪಾದರು.

ಹಿಂದೆ ಕೂತವರು ಮೂರನೆಯವರೋ ಅಲ್ಲವೋ? ನಾವೆಲ್ಲ ಹೌದು ಎಂದೇ ತಿಳಿದಿರುತ್ತೇವೆ. ಸುಪ್ರೀಂ ಕೋರ್ಟು 2006ರಲ್ಲಿ ತಿಲಕ್ ಸಿಂಗ್ ಪ್ರಕರಣದಲ್ಲಿ, ಮತ್ತೆ 2008ರಲ್ಲಿ ಸುಧಾಕರನ್ ಪ್ರಕರಣದಲ್ಲಿ ಅಲ್ಲ ಎಂದು ಹೇಳಿತು. ಕಾಯ್ದೆಗೆ ಬೇಕಾದಷ್ಟೇ ಮಾಡಿಸಿದ ವಿಮೆ, ಅಂದರೆ ಜನ 'ಆ್ಯಕ್ಟ್ ಪಾಲಿಸಿ' ಎನ್ನುವ ಬರೀ ಥರ್ಡ್ ಪಾರ್ಟಿ ವಿಮೆ, ಸ್ಕೂಟರು, ಮೋಟಾರ್‌ಸೈಕಲ್ಲಿನ ಹಿಂಬದಿ ಸವಾರರನ್ನು ಒಳಗೊಳ್ಳುವುದಿಲ್ಲ. ಗಾಡಿ ಜಾರಿ ಬಿದ್ದು ಹಿಂದಿನವರಿಗೆ ಪೆಟ್ಟಾದರೆ ಆ ವಿಮಾ ಕಂಪನಿ ಕೊಡಬೇಕಾದ್ದು ಏನೂ ಇಲ್ಲ. ನಲವತ್ತು ವರ್ಷ ಹಿಂದಿನ ಸೀಟಿನಲ್ಲಿ ಕೂತು ಬಂದ ಹೆಂಡತಿಗಿಂತ, ಎದುರಿಗೆ ಅಡ್ಡಬಂದ ಅಪರಿಚಿತನಿಗೆ ಆ ಚೀಟಿಯಲ್ಲಿ ಹೆಚ್ಚು ರಕ್ಷಣೆ!

ಹಾಗಂತ ದಾರಿ ಇಲ್ಲದಿಲ್ಲ. ಎರಡೂ ಲೆಕ್ಕ ಸೇರಿದ ಪ್ಯಾಕೇಜ್ ಪಾಲಿಸಿಯಲ್ಲಿ ಹಿಂಬದಿ ಸವಾರರ ಹೊಣೆಯೂ ಸೇರಿದೆ ಎಂದು ಐಆರ್‌ಡಿಎ 2009ರ ನವೆಂಬರ್ 16ರ ಸುತ್ತೋಲೆಯಲ್ಲಿ ಎಲ್ಲ ಕಂಪನಿಗಳಿಗೂ ಸ್ಪಷ್ಟಪಡಿಸಿತು. 2012ರಲ್ಲಿ ಬಾಲಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೂ ಈ ವ್ಯತ್ಯಾಸವನ್ನು ಎತ್ತಿ ಹೇಳಿತು.

ಪ್ಯಾಕೇಜ್ ಅಂದರೆ ದುಬಾರಿ ಎಂದು ಹೆದರಬೇಕಿಲ್ಲ. ಹಳೆಯ ಗಾಡಿಗೆ ಇದೇ ಅನುಕೂಲ. ಐಡಿವಿ ಕಡಿಮೆಯಿದ್ದರೆ ಅದರ ಮೇಲಿನ ಕಂತೂ ಕಡಿಮೆ. 2002ರ ಟ್ಯಾರಿಫ್‌ನಲ್ಲಿ ದ್ವಿಚಕ್ರಗಳಿಗೆ ಅದು ನೂರಕ್ಕೆ ಎರಡು ರೂಪಾಯಿಯ ಆಸುಪಾಸಿನಲ್ಲಿತ್ತು. ಆ ಲೆಕ್ಕ ಹಿಡಿದರೆ 20,000 ರೂಪಾಯಿಯ ಐಡಿವಿಗೆ ವರ್ಷಕ್ಕೆ ಸುಮಾರು 400 ರೂಪಾಯಿ. ಈಗ ಕಂಪನಿ ಕಂಪನಿಗೆ ದರ ಬೇರೆ. ಚೌಕಾಸಿ ಮಾಡಬೇಕಾದ್ದು ಇಲ್ಲೇ. ಕ್ಲೈಮ್ ಮಾಡದವರಿಗೆ ಸಿಗುವ 20ರಿಂದ 50 ಶೇಕಡಾ ಬೋನಸ್ಸೂ ಈ ಭಾಗಕ್ಕೇ ಅನ್ವಯ. ಚಾಲಕ ಮಾಲೀಕರ 15 ಲಕ್ಷದ ಅಪಘಾತ ವಿಮೆ ನಿಮಗೆ ಈಗಾಗಲೇ ಇದ್ದರೆ ಗಾಡಿಯ ಜೊತೆ ಮತ್ತೆ ಕೊಳ್ಳಬೇಕಿಲ್ಲ. 2019ರ ಜನವರಿಯಿಂದ ಅದನ್ನು ಬಿಡಿಯಾಗಿಯೂ ಕೊಳ್ಳಬಹುದು.

ಇದನ್ನೆಲ್ಲ ಬರೆದುಕೊಂಡು ಕಾಕಾನಿಗೆ ಫೋನ್ ಮಾಡಿದೆ. ಕಂಪ್ಯೂಟರ್ ಬಿಟ್ಟು ಕಚೇರಿಗೇ ಹೋಗಿ, ಗಾಡಿ ತೋರಿಸಿ, ಆರ್.ಸಿ. ಪುಸ್ತಕವನ್ನೂ ಹಳೆಯ ಪಾಲಿಸಿಯನ್ನೂ ಮುಂದಿಟ್ಟು ಬೆಲೆ ಮಾತಾಡಿ ಎಂದೆ. ಎರಡು ಕಡೆ ಆಗುವುದಿಲ್ಲ ಎಂದರಂತೆ. ಮೂರನೆಯ ಕಡೆ ಒಬ್ಬರು ಅಧಿಕಾರಿ ಹೊರಗೆ ಬಂದು ಗಾಡಿ ನೋಡಿದರಂತೆ. ತಮ್ಮ ತಂದೆಯ ಬಳಿಯೂ ಇಂಥದ್ದೇ ಗಾಡಿ ಇತ್ತು ಎಂದು ಒಂದು ಕಿಕ್ ಹೊಡೆದು ನೋಡಿ, ಆಮೇಲೆ ಕಾಗದಕ್ಕೆ ಸಹಿ ಹಾಕಿದರಂತೆ.

"ಎಷ್ಟಾತು ಕಾಕಾ?"

"ಬರೇ ಥರ್ಡ್ ಪಾರ್ಟಿಗಿಂತ ಐದನೂರ ಚಿಲ್ಲರ ಜಾಸ್ತಿ ಆತು ನೋಡು. ವರ್ಷಕ್ಕ ಐದನೂರ ಅಂದ್ರ ನಿಮ್ಮ ಕಾಕೂಗ ತಿಂಗಳಾ ಮಲ್ಲಿಗಿ ತರೂ ರೊಕ್ಕಕ್ಕಿಂತ ಕಡಿಮಿ."

ಹಿಂದಿನಿಂದ ಕಾಕುವಿನ ದನಿ ಕೇಳಿಸಿತು: "ಮಲ್ಲಿಗಿ ಯಾವಾಗ ತಂದೀರಿ?"

ಮಿತ್ರರೇ, ನಿಮ್ಮ ಮನೆಯ ಹಳೆಯ ಗಾಡಿಯ ವಿಮಾ ಚೀಟಿಯನ್ನು ಇವತ್ತೇ ಒಮ್ಮೆ ತೆಗೆದು ನೋಡಿ. ಮೇಲೆ ಏನು ಬರೆದಿದೆ: ಬರೀ ಹೊಣೆಗಾರಿಕೆಯ ಪಾಲಿಸಿಯೋ, ಪ್ಯಾಕೇಜೋ? ಬರೀ ಹೊಣೆಗಾರಿಕೆಯದಾದರೆ, ಹಿಂದಿನ ಸೀಟಿನಲ್ಲಿ ದಿನಾ ಯಾರು ಕೂರುತ್ತಾರೆ ಎಂದು ಯೋಚಿಸಿ. ಕಾಕಾ ಕೇಳಿದ ಹಾಡನ್ನು ಬರುವ ಮಂಗಳವಾರ ಮತ್ತೆ ಹಾಕುತ್ತೇವೆ, ಈ ಸಲ ಕಾಕುವಿನ ಹೆಸರಿನಲ್ಲಿ.