ಬಹುಮಾನದಿಂದ ಬೆಳೆದ ಬಳಗ

ಸಂಘಗಳನ್ನು ಸ್ಥಾಪಿಸುವುದರಲ್ಲಿ ನಾವು ಹಿಂದೆ ಬಿದ್ದವರಲ್ಲ. ಊರೂರಿಗೂ ಒಂದು ಸಾಹಿತ್ಯ ಸಂಘ ಉಂಟು. ವಾರ್ಷಿಕೋತ್ಸವದ ದಿನ ಹೂಮಾಲೆ, ಭಾಷಣ, ವಂದನಾರ್ಪಣೆಗಳು ಸಾಂಗವಾಗಿ ನಡೆಯುತ್ತವೆ. ಉಳಿದ ದಿನಗಳಲ್ಲಿ ಕಾರ್ಯದರ್ಶಿಯೊಬ್ಬರೇ ಬಾಗಿಲು ತೆರೆದು, ಒಬ್ಬರೇ ಬಾಗಿಲು ಹಾಕಿಕೊಂಡು ಹೋಗುತ್ತಾರೆ. ಪಟ್ಟಿಯಲ್ಲಿ ಹೆಸರುಗಳಿವೆ, ಕೆಲಸಕ್ಕೆ ಕೈ ಹಚ್ಚುವವರಿಲ್ಲ ಎಂಬ ಕೊರಗು ಎಲ್ಲೆಲ್ಲಿಯೂ ಕೇಳಿಬರುತ್ತದೆ. ಈ ಕೊರಗು ಹೊಸದಲ್ಲ. ಇದನ್ನು ನಮ್ಮ ಹಿರಿಯರು ಹೇಗೆ ನೀಗಿದರೆಂಬುದನ್ನು ನೋಡುವುದು ಉಪಯುಕ್ತವಾದೀತು.

1890ನೆಯ ಇಸವಿಯ ಜುಲೈ 20ರಂದು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. ಧಾರವಾಡವು ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅಲ್ಲಿ ಮರಾಠಿಯ ಪ್ರಾಬಲ್ಯ ಎಷ್ಟಿತ್ತೆಂದರೆ, ಕನ್ನಡ ಮನೆಮಾತಿನವರೂ ನಾಲ್ಕು ಜನರ ನಡುವೆ ಮರಾಠಿಯಾಡುವುದನ್ನೇ ಗೌರವವೆಂದು ಬಗೆಯುತ್ತಿದ್ದರು. ಕನ್ನಡದಲ್ಲಿ ಬರೆದರೆ ಅಚ್ಚು ಹಾಕುವವರಾರು, ಓದುವವರಾರು? ಇಂಥ ಕಾಲದಲ್ಲಿ ಎಂ.ಎ. ಪದವೀಧರರಾದ ರಾ. ಹ. ದೇಶಪಾಂಡೆಯವರು ಸಮಾನಮನಸ್ಕರನ್ನು ಕೂಡಿಕೊಂಡು ಈ ಸಂಘವನ್ನು ಕಟ್ಟಿದರು. 'ಸಿರಿಗನ್ನಡಂ ಗೆಲ್ಗೆ' ಎಂಬ ಘೋಷವೂ ಅವರದೇ.

ಘೋಷದಿಂದ ಉತ್ಸಾಹವೇನೋ ಹುಟ್ಟುತ್ತದೆ; ಆದರೆ ಉತ್ಸಾಹವು ನಾಲ್ಕು ದಿನದ್ದು. ಸಂಘದ ಹಿರಿಯರು ಇದನ್ನು ಅರಿತಿದ್ದರು. ಆದುದರಿಂದ ಅವರು ಕನ್ನಡವನ್ನು ಉಳಿಸಿರೆಂದು ಬೋಧಿಸುವಷ್ಟಕ್ಕೇ ನಿಲ್ಲದೆ, ಕನ್ನಡದಲ್ಲಿ ಪುಸ್ತಕ ಬರೆಯಿರೆಂದು ಕೇಳಿದರು. ಒಳ್ಳೆಯ ಗ್ರಂಥಗಳಿಗೆ ಬಹುಮಾನವನ್ನು ಕೊಟ್ಟರು. 1896ರಲ್ಲಿ 'ವಾಗ್ಭೂಷಣ' ಪತ್ರಿಕೆಯನ್ನು ಹೊರಡಿಸಿ ಬರೆಯುವವರಿಗೆ ಒಂದು ಅಂಗಳವನ್ನೂ ಒದಗಿಸಿದರು.

ಇದರ ಫಲವೇನಾಯಿತೆಂಬುದಕ್ಕೆ ಒಂದು ಉದಾಹರಣೆ ಸಾಕು. ವೆಂಕಟೇಶ ತಿರಕೋ ಕುಲಕರ್ಣಿ ಎಂಬ ತರುಣ ಶಾಲಾಮಾಸ್ತರರ 'ಪ್ರಬುದ್ಧ ಪದ್ಮನಯನೆ' ಎಂಬ ಕಾದಂಬರಿಗೆ 1898ರಲ್ಲಿ ಸಂಘದ ಬಹುಮಾನವು ದೊರೆಯಿತು. ಇವರೇ ಮುಂದೆ ಗಳಗನಾಥರೆಂದು ಮನೆಮಾತಾದವರು. ತಮ್ಮ ಬರವಣಿಗೆಯನ್ನು ಓದಿ ಬೆಲೆಕಟ್ಟುವ ನಾಲ್ಕು ಜನ ಧಾರವಾಡದಲ್ಲಿದ್ದಾರೆ ಎಂಬ ಧೈರ್ಯ, ಬಹುಮಾನದ ಹಣಕ್ಕಿಂತ ದೊಡ್ಡದಾಗಿದ್ದಿರಬೇಕು. ಅವರು ಪಡೆದುಕೊಂಡು ಸುಮ್ಮನೆ ಕುಳಿತವರಲ್ಲ. ಕಾದಂಬರಿಗಳನ್ನು ಒಂದಾದ ಮೇಲೊಂದರಂತೆ ಬರೆದರು; 'ಸದ್ಬೋಧ ಚಂದ್ರಿಕೆ'ಯನ್ನು ನಡೆಸಿದರು; ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ಅಲೆದು ಮಾರಿದರು. ಓದುಗರಿಲ್ಲದ ನಾಡಿನಲ್ಲಿ ಓದುಗರನ್ನು ಹುಟ್ಟಿಸಿದರು. ಒಬ್ಬನಿಗೆ ಕೊಟ್ಟ ಮನ್ನಣೆ ಹೀಗೆ ಸಾವಿರ ಮನೆಗಳ ಬಾಗಿಲನ್ನು ತಟ್ಟಿತು.

ಸಂಘವು ಹೊರಗಿನವರಿಗೂ ತನ್ನ ವೇದಿಕೆಯನ್ನು ತೆರೆದಿಟ್ಟಿತ್ತು. 1911ರಲ್ಲಿ ಮೈಸೂರು ಸೀಮೆಯಿಂದ ಬಂದ ಬಿ. ಎಂ. ಶ್ರೀಕಂಠಯ್ಯನವರು 'ಕನ್ನಡ ಮಾತು ತಲೆಯೆತ್ತುವ ಬಗೆ' ಎಂಬ ಪ್ರಸಿದ್ಧ ಭಾಷಣವನ್ನು ಮಾಡಿದುದು ಇಲ್ಲಿಯೇ. ಅವರಿಗೆ ಆಗ ಇಪ್ಪತ್ತೇಳರ ಹರೆಯ. ಹೊಸಗನ್ನಡ ಕಾವ್ಯಕ್ಕೆ ದಾರಿ ಮಾಡಿದ 'ಇಂಗ್ಲಿಷ್ ಗೀತಗಳು' ಸಂಕಲನ ಬಂದದ್ದು 1926ರಲ್ಲಿ. ಬೆಳೆ ಬರುವ ಮೊದಲೇ ಬಿತ್ತುವವನಿಗೆ ನೆಲವನ್ನು ಬಿಟ್ಟುಕೊಟ್ಟ ಔದಾರ್ಯವಿದು.

ಇಂದಿನ ಸಂಘಗಳು ಈ ಚರಿತ್ರೆಯಿಂದ ಕಲಿಯಬೇಕಾದುದು ಇಷ್ಟೆ. ಬಂದವನಿಗೆ ಕೂಡಲು ಕುರ್ಚಿಯನ್ನು ಕೊಟ್ಟರೆ ಅವನು ಸಭಿಕನಾಗುತ್ತಾನೆ. ಮಾಡಲು ಕೆಲಸವನ್ನು ಕೊಟ್ಟರೆ ಸಂಘದವನಾಗುತ್ತಾನೆ. ಆದರೆ ಕೆಲಸ ಕೊಟ್ಟು ಮರೆತುಬಿಡುವುದೂ ಸಲ್ಲದು. ಹುಡುಗನೊಬ್ಬ ಅಂಜುತ್ತಂಜುತ್ತ ತಂದ ಹಸ್ತಪ್ರತಿಯನ್ನು ಹಿರಿಯನೊಬ್ಬ ಕುಳಿತು ಓದಬೇಕು, ತಪ್ಪು ತಿದ್ದಬೇಕು, ಚೆನ್ನಾಗಿದ್ದರೆ ನಾಲ್ಕು ಜನರೆದುರು ಹೇಳಬೇಕು. ಇದಕ್ಕೆ ದೊಡ್ಡ ನಿಧಿ ಬೇಡ, ವ್ಯವಧಾನ ಬೇಕು. ಅದಿಲ್ಲದ ಕಡೆ ತರುಣರು ಬರುವುದಿಲ್ಲವೆಂದು ದೂರುವುದರಲ್ಲಿ ಅರ್ಥವಿಲ್ಲ.